ಗುಹಾರಣ್ಯದ ಅಸುರ ಮತ್ತು ಟೋಕಿಯೊದ ಗೊಡ್ಜಿಲ್ಲಾ

ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳವು ತುಂಗಭದ್ರೆಯನ್ನು ಸೇರುವೆಡೆಯಲ್ಲಿರುವ ಹರಿಹರದ ಸ್ಥಳಪುರಾಣ, ಅಂದರೆ ಆ ಕ್ಷೇತ್ರವು ಪವಿತ್ರವಾದುದು ಹೇಗೆಂದು ಹೇಳುವ ಪರಂಪರಾಗತ ಕಥೆ, ಒಬ್ಬ ಅಸುರನಿಂದ ಆರಂಭವಾಗುತ್ತದೆ. ಗುಹ ಅಥವಾ ಗುಹಾಸುರನೆಂಬ ಹೆಸರಿನ ಈತನ ರಾಜ್ಯಕ್ಕೆ ಪೂರ್ವದಲ್ಲಿ ಉಚ್ಚಂಗಿದುರ್ಗ, ದಕ್ಷಿಣದಲ್ಲಿ ಹೊನ್ನಾಳಿ ಸೀಮೆಯ ಗೋವಿನಕೋವಿ, ಪಶ್ಚಿಮದಲ್ಲಿ ಹಿಂದಿನ ಕೋಡ ತಾಲ್ಲೂಕಿನ ಮುದನೂರು, ಉತ್ತರದಲ್ಲಿ ರಾಣೆಬೆನ್ನೂರು ಸೀಮೆಯ ಐರಣಿ ಎಲ್ಲೆಗಳಾಗಿದ್ದವೆಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಪುರಾಣದ ದೈತ್ಯರು ಸಾಮಾನ್ಯವಾಗಿ ಮೂರು ಲೋಕವನ್ನೂ ಆಳುವವರಾಗಿ ಬರುತ್ತಾರೆ. ಈತನಾದರೋ ಎತ್ತಿನ ಗಾಡಿಯಲ್ಲಿ ಕೆಲವೇ ದಿನಗಳಲ್ಲಿ ಸುತ್ತಿ ಬರಬಹುದಾದಷ್ಟು ನೆಲದ ಒಡೆಯ. ಇಂದಿನ ಹರಿಹರ, ಭಾನುವಳ್ಳಿ, ಮಲೇಬೆನ್ನೂರುಗಳೆಲ್ಲ ಈ ಗೆರೆಯೊಳಗೆ ಬರುತ್ತವೆ. ದೈತ್ಯನೊಬ್ಬನಿಗೆ ಇಷ್ಟು ಖಚಿತವಾದ ಭೂಗೋಳವನ್ನು ಗೊತ್ತುಮಾಡಿದ ಜನ, ಅವನನ್ನು ದೂರದ ಪಾತಾಳದವನೆಂದು ಭಾವಿಸದೆ ತಮ್ಮದೇ ಸೀಮೆಯವನೆಂದು ಭಾವಿಸಿದ್ದರೆನ್ನುವುದು ಸ್ಪಷ್ಟ.

ಕಥೆಯ ಸಾರ ಚಿಕ್ಕದು. ಗುಹನು ಘೋರ ತಪಸ್ಸು ಮಾಡಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದು, ಆ ಬಲದಿಂದ ದೇವತೆಗಳನ್ನೂ ಮನುಷ್ಯರನ್ನೂ ಪೀಡಿಸತೊಡಗಿದಾಗ, ವಿಷ್ಣು ಶಿವರು ವರದ ಮಾತನ್ನು ಮುರಿಯದೆಯೇ ಅದರ ಹಿಡಿತದಿಂದ ಪಾರಾಗುವ ಉಪಾಯವಾಗಿ ಒಂದೇ ದೇಹದಲ್ಲಿ ಹರಿಹರನಾಗಿ ಸೇರಿ, ಕೂಡಲೂರೆಂಬ ಈ ಸಂಗಮದಲ್ಲಿ ಪ್ರತ್ಯಕ್ಷರಾಗಿ ಅವನನ್ನು ಕೊಂದರು. ಸಾಯುವಾಗ ಅಸುರನು ಈ ನೆಲಕ್ಕೆ ತನ್ನ ಹೆಸರು ಉಳಿಯಲೆಂದು ಬೇಡಿಕೊಂಡುದರಿಂದ ಕ್ಷೇತ್ರಕ್ಕೆ ಗುಹಾರಣ್ಯವೆಂಬ ಹೆಸರಾಯಿತು. ಬಲಭಾಗ ಶಿವ, ಎಡಭಾಗ ವಿಷ್ಣುವಾಗಿರುವ ಹರಿಹರೇಶ್ವರನ ಈಗಿನ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. 1268ರಲ್ಲಿ ಮೂರನೆಯ ನರಸಿಂಹನ ಕಾಲದ ಸೋಮನೆಂಬ ದಂಡನಾಯಕನು ಅದಕ್ಕೆ ಇನ್ನಷ್ಟು ಸೇರಿಸಿದನು.

ಅಸುರನ ರಾಜ್ಯದ ಪೂರ್ವದ ಎಲ್ಲೆಯಾದ ಉಚ್ಚಂಗಿಯು ನೊಳಂಬವಾಡಿಯನ್ನು ಆಳಿದ ಪಾಂಡ್ಯರ ಕೋಟೆಯಾಗಿತ್ತೆಂಬುದನ್ನೂ, ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಗಿರಿದುರ್ಗವನ್ನು ಹೊಯ್ಸಳ ಇಮ್ಮಡಿ ಬಲ್ಲಾಳನು ಗೆದ್ದನೆಂಬುದನ್ನೂ, ಅವನ ಮಗನ ಕಾಲದಲ್ಲೇ ಹರಿಹರದ ಗುಡಿ ಎದ್ದಿತೆಂಬುದನ್ನೂ ಒಟ್ಟಿಗಿಟ್ಟು ನೋಡಿದರೆ, ಸೋತ ಒಡೆತನವೊಂದರ ನೆನಪು ಅಸುರನ ರೂಪದಲ್ಲಿ ಉಳಿದಿರಬಹುದೇ ಎಂಬ ಪ್ರಶ್ನೆ ಏಳುತ್ತದೆ. ಇದು ಊಹೆ ಮಾತ್ರ. ಶಾಸನದ ಆಧಾರವಿಲ್ಲದೆ ಇದನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಸರಿಯಲ್ಲ. ಆದರೆ ದೈತ್ಯರು ಬರಿಯ ಕಲ್ಪನೆಯಿಂದ ಹುಟ್ಟುವುದಿಲ್ಲ, ಜನರು ಅನುಭವಿಸಿದ ಯಾವುದೋ ದೊಡ್ಡ ಬಲದ ನೆನಪು ಅವರ ಮೈಯಲ್ಲಿ ಇರುತ್ತದೆ ಎಂಬ ಮಾತನ್ನು ಒಪ್ಪಲು ಇಪ್ಪತ್ತನೆಯ ಶತಮಾನವೇ ಸಾಕ್ಷಿ ಒದಗಿಸಿದೆ. ಜಪಾನಿನ ದೈತ್ಯಮೃಗಗಳ ಚಲನಚಿತ್ರಗಳಲ್ಲಿ ಅಂಥ ಒಬ್ಬ ದೈತ್ಯನು ಹುಟ್ಟಿದ ವರ್ಷ, ತಿಂಗಳು, ಕಾರಣಗಳೆಲ್ಲವೂ ದಾಖಲೆಯಲ್ಲಿವೆ. ಗುಹಾಸುರನ ಹುಟ್ಟಿನ ಬಗೆಗೆ ಎಂದಿಗೂ ತಿಳಿಯಲಾಗದ ಸಂಗತಿಗಳು ಗೊಡ್ಜಿಲ್ಲಾನ ವಿಷಯದಲ್ಲಿ ತಿಳಿದಿರುವುದರಿಂದ, ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ಕೇವಲ ಕುತೂಹಲದ ಕೆಲಸವಲ್ಲ.

ಜಪಾನಿನಲ್ಲಿ ಕೈಜು ಎಂದು ಕರೆಯುವ ವಿಚಿತ್ರ ಮಹಾಮೃಗಗಳ ಚಿತ್ರಗಳಿಗೆ ಮೊದಲನೆಯದೆಂದು ಎಣಿಸಲಾಗುವ ‘ಗೊಜಿರಾ’ ತೆರೆಗೆ ಬಂದುದು 1954ರ ನವೆಂಬರ್ 3ರಂದು. ಅದೇ ವರ್ಷದಲ್ಲಿ ಕನ್ನಡದಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ಬಂದಿತ್ತು. ಗೊಜಿರಾ ಎಂಬ ಹೆಸರೇ ಇಂಗ್ಲಿಷಿನ ಮೂಲಕ ಗೊಡ್ಜಿಲ್ಲಾ ಆಗಿ ಲೋಕಕ್ಕೆ ಪರಿಚಿತವಾಯಿತು. ತೋಹೊ ಕಂಪನಿಯ ನಿರ್ಮಾಪಕ ತೊಮೊಯುಕಿ ತನಾಕಾ, ನಿರ್ದೇಶಕ ಇಶಿರೊ ಹೊಂಡಾ, ವಿಶೇಷ ದೃಶ್ಯಗಳ ನಿರ್ದೇಶಕ ಏಜಿ ತ್ಸುಬುರಾಯಾ, ಸಂಗೀತಗಾರ ಅಕಿರಾ ಇಫುಕುಬೆ ಈ ನಾಲ್ವರ ಕೂಟದಿಂದ ಅದು ರೂಪುಗೊಂಡಿತು. ಅಮೆರಿಕದ ‘ಕಿಂಗ್ ಕಾಂಗ್’ 1933ರಲ್ಲೇ ಬಂದು 1952ರಲ್ಲಿ ಮರುಬಿಡುಗಡೆಯಾಗಿ ಹಣ ಮಾಡಿತ್ತು. ಅಣುಸ್ಫೋಟದಿಂದ ಎಚ್ಚೆತ್ತ ಪ್ರಾಚೀನ ಸರೀಸೃಪವೊಂದರ ಅಮೆರಿಕನ್ ಚಿತ್ರ 1953ರಲ್ಲಿ ಬಂದಿತ್ತು. ಜಪಾನೀ ಚಿತ್ರಕ್ಕೆ ಇವು ಮಾದರಿಯಾದುದು ನಿಜವಾದರೂ ಅದರ ಜೀವ ಬೇರೆಡೆಯಿಂದ ಬಂದಿತು.

1954ರ ಮಾರ್ಚ್ 1ರಂದು ಶಾಂತಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕವು ಸಿಡಿಸಿದ ಜಲಜನಕ ಬಾಂಬು ಅದರ ವಿಜ್ಞಾನಿಗಳು ಲೆಕ್ಕ ಹಾಕಿದುದಕ್ಕಿಂತ ಎರಡೂವರೆ ಪಟ್ಟು ಪ್ರಬಲವಾಗಿ ಸ್ಫೋಟಿಸಿತು. ಅಪಾಯದ ವಲಯವೆಂದು ಸಾರಿದ್ದ ಗಡಿಯ ಹೊರಗೇ ಟ್ಯೂನಾ ಮೀನು ಹಿಡಿಯುತ್ತಿದ್ದ ದೈಗೊ ಫುಕುರ್ಯು ಮಾರು ಎಂಬ ಜಪಾನೀ ದೋಣಿಯ ಮೇಲೆ ಬಿಳಿಯ ಬೂದಿ ಸುರಿದು, ಅದರಲ್ಲಿದ್ದ 23 ಮಂದಿ ವಿಕಿರಣದ ಕಾಯಿಲೆಗೆ ಬಿದ್ದರು. ರೇಡಿಯೊ ಕೆಲಸ ನೋಡುತ್ತಿದ್ದ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಮೀನು ಮಾರುಕಟ್ಟೆಗಳಲ್ಲಿ ಭೀತಿ ಹರಡಿತು, ಬಾಂಬು ನಿಷೇಧಕ್ಕಾಗಿ ಸಹಿ ಸಂಗ್ರಹಿಸುವ ಚಳವಳಿ ದೇಶವನ್ನೆಲ್ಲ ವ್ಯಾಪಿಸಿತು. ಕುಬೊಯಾಮಾ ಸತ್ತ ಆರು ವಾರಗಳಲ್ಲಿ ಬಿಡುಗಡೆಯಾದ ಚಿತ್ರದ ಮೊದಲ ದೃಶ್ಯದಲ್ಲೇ ಸಮುದ್ರದ ನಡುವೆ ಕಣ್ಣು ಕೋರೈಸುವ ಬೆಳಕೊಂದು ಹೊಳೆದು ಹಡಗು ಹೊತ್ತಿ ಉರಿಯುವುದನ್ನು ಕಂಡ ಪ್ರೇಕ್ಷಕನಿಗೆ ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ. 1945ರಿಂದ 1952ರವರೆಗೆ ಜಪಾನನ್ನು ಆಳಿದ ಅಮೆರಿಕದ ಸೇನಾ ಆಡಳಿತವು ಹಿರೋಶಿಮಾ, ನಾಗಾಸಾಕಿಗಳ ಬಗೆಗಿನ ಬರಹವನ್ನೂ ಚಿತ್ರಗಳನ್ನೂ ಕಟ್ಟುನಿಟ್ಟಾಗಿ ತಡೆಹಿಡಿದಿತ್ತು. ಹೇಳಲು ಬಿಡದಿದ್ದ ದುಃಖವು ಆಡಳಿತ ತೊಲಗಿದ ಎರಡೇ ವರ್ಷಕ್ಕೆ ಐವತ್ತು ಮೀಟರ್ ಎತ್ತರದ ಮೃಗವಾಗಿ ಟೋಕಿಯೊಗೆ ನಡೆದು ಬಂದಿತು. ಹೊಂಡಾ ಚೀನಾದಲ್ಲಿ ಸೈನಿಕನಾಗಿದ್ದು, ಯುದ್ಧ ಮುಗಿದು ಮರಳುವಾಗ ಸುಟ್ಟುಹೋದ ಹಿರೋಶಿಮಾವನ್ನು ಕಂಡವರು. ಆದುದರಿಂದಲೇ ಚಿತ್ರದಲ್ಲಿ ಮೃಗದ ಆರ್ಭಟದ ಜೊತೆಗೆ ಆಸ್ಪತ್ರೆಯ ನೆಲದ ಮೇಲೆ ಸಾಲಾಗಿ ಮಲಗಿಸಿದ ಗಾಯಾಳುಗಳೂ ತಾಯಿಯನ್ನು ಕಳೆದುಕೊಂಡ ಮಗುವೂ ಕಾಣಿಸುತ್ತಾರೆ. ದೈತ್ಯನನ್ನು ನೋಡಿ ಬೆರಗಾಗುವುದಕ್ಕಿಂತ, ದೈತ್ಯನು ಹಾದುಹೋದ ಮೇಲೆ ಉಳಿದವರನ್ನು ನೋಡಲು ಕಲಿಸುವ ಈ ಗುಣವೇ ಅದನ್ನು ಅನುಕರಣೆಯ ಮಟ್ಟದಿಂದ ಮೇಲೆತ್ತಿದೆ.

ಬಾಂಬಿನ ಸಂಗತಿಯೊಂದನ್ನೇ ಹಿಡಿದರೆ ಚಿತ್ರದ ಅರ್ಥ ಅರೆಯಾಗುತ್ತದೆ. ಕಥೆಯಲ್ಲಿ ಬರುವ ಓದೊ ಎಂಬ ಕಲ್ಪಿತ ದ್ವೀಪದ ಮುದುಕನು, ಗೊಜಿರಾ ಎಂಬುದು ತಮ್ಮ ಪೂರ್ವಿಕರ ಕಾಲದಿಂದಲೂ ಸಮುದ್ರದಲ್ಲಿರುವ ಪ್ರಾಣಿಯೆಂದೂ, ಮೀನು ಸಿಗದ ವರ್ಷಗಳಲ್ಲಿ ಅದಕ್ಕೆ ಹೆಣ್ಣುಮಕ್ಕಳನ್ನು ಬಲಿ ಕೊಡುತ್ತಿದ್ದರೆಂದೂ, ಈಗ ಆ ಪದ್ಧತಿಯಲ್ಲಿ ಉಳಿದಿರುವುದು ಶಾಂತಿಗಾಗಿ ನಡೆಸುವ ಕುಣಿತ ಮಾತ್ರವೆಂದೂ ಹೇಳುತ್ತಾನೆ. ಮುಖವಾಡ ಧರಿಸಿ ದೇವಾಲಯಗಳಲ್ಲಿ ಕುಣಿಯುವ ಕಗುರಾ ಎಂಬ ನೃತ್ಯವನ್ನು ಚಿತ್ರವು ಅಲ್ಲಿ ತೋರಿಸುತ್ತದೆ. ಅಣುಯುಗದ ಮೃಗಕ್ಕೆ ಸ್ಥಳಪುರಾಣವೊಂದನ್ನು ಕಟ್ಟಿಕೊಟ್ಟ ಈ ಜಾಣ್ಮೆಯ ಹಿಂದೆ ಹಳೆಯ ಪರಂಪರೆಯಿದೆ. 712ರಲ್ಲಿ ಸಂಕಲನಗೊಂಡ ‘ಕೊಜಿಕಿ’ ಎಂಬ ಗ್ರಂಥದಲ್ಲಿ ವರ್ಷಕ್ಕೊಬ್ಬ ಕನ್ಯೆಯನ್ನು ನುಂಗುತ್ತಿದ್ದ ಎಂಟು ತಲೆಯ ಸರ್ಪಕ್ಕೆ ಸುಸಾನೊವೊ ದೇವನು ಮದ್ಯ ಕುಡಿಸಿ ಕೊಂದ ಕಥೆಯಿದೆ. ಭೂಮಿಯೊಳಗಿರುವ ಮಹಾಮೀನು ಮೈ ಕೊಡವಿದಾಗ ಭೂಕಂಪವಾಗುತ್ತದೆಂಬ ನಂಬಿಕೆಯಿಂದ, 1855ರಲ್ಲಿ ಎದೊ ನಗರ, ಅಂದರೆ ಇಂದಿನ ಟೋಕಿಯೊ, ನಡುಗಿ ಕುಸಿದ ಕೂಡಲೇ ಆ ಮೀನಿನ ಮರದಚ್ಚಿನ ಚಿತ್ರಗಳು ಬೀದಿಬೀದಿಗಳಲ್ಲಿ ಮಾರಾಟವಾದವು. ನಗರಕ್ಕೆ ಬಂದೊದಗಿದ ವಿಪತ್ತಿಗೆ ಒಂದು ಮೈ, ಒಂದು ಮುಖ ಕೊಟ್ಟು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಅಭ್ಯಾಸ ಜಪಾನಿನಲ್ಲಿ ಈ ಚಿತ್ರಕ್ಕಿಂತ ನೂರು ವರ್ಷ ಹಿಂದೆಯೇ ಬೇರೂರಿತ್ತು.

ಇದಕ್ಕೆ ಸೇರಿಕೊಂಡಂತೆ ಗೊರ್ಯೊ ಎಂಬ ನಂಬಿಕೆಯೊಂದಿದೆ: ಅನ್ಯಾಯದಿಂದ ಸತ್ತವರ ಆತ್ಮವು ರೋಗವಾಗಿ, ಸಿಡಿಲಾಗಿ, ಪ್ರವಾಹವಾಗಿ ಮರಳುತ್ತದೆ, ಅದನ್ನು ದೇವರಾಗಿ ಪ್ರತಿಷ್ಠಾಪಿಸಿದರೆ ಮಾತ್ರ ಶಾಂತವಾಗುತ್ತದೆ ಎಂಬುದು ಅದರ ಸಾರ. ಗಡಿಪಾರಾಗಿ ಸತ್ತ ವಿದ್ವಾಂಸ ಸುಗವಾರಾ ನೊ ಮಿಚಿಜಾನೆಯು ಕ್ಯೋಟೊದ ಕಿತಾನೊದಲ್ಲಿ ದೇವರಾದುದು ಹೀಗೆಯೇ. ಸಬುರೊ ಕವಮೊತೊ, ನೊರಿಹಿರೊ ಕತೊ ಮೊದಲಾದ ವಿಮರ್ಶಕರು ಗೊಡ್ಜಿಲ್ಲಾನಲ್ಲಿ, ಶಾಂತಸಾಗರದ ಯುದ್ಧದಲ್ಲಿ ಸತ್ತು ಮನೆಗೆ ಮರಳದ ಸೈನಿಕರ ನೆರಳನ್ನು ಕಂಡಿರುವುದು ಈ ಹಿನ್ನೆಲೆಯಲ್ಲಿ. ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯ ಜಾತ್ರೆಯನ್ನೂ ಸುತ್ತಲಿನ ಹಳ್ಳಿಗಳ ಮಾರಿಹಬ್ಬಗಳನ್ನೂ ಬಲ್ಲವರಿಗೆ ಇದು ಅಪರಿಚಿತವಾಗಿ ತೋರಲಾರದು. ರೋಗ ತರುವವಳೂ ರೋಗದಿಂದ ಕಾಯುವವಳೂ ಒಬ್ಬಳೇ ಎಂದು ತಿಳಿದು, ಚರಗ ಚೆಲ್ಲಿ, ಅವಳನ್ನು ತಣಿಸಿ ಊರ ಎಲ್ಲೆ ದಾಟಿಸುವ ಆಚರಣೆಯ ಒಳಗೂ ಇದೇ ಬಗೆಯ ತಿಳಿವಳಿಕೆಯಿದೆ. ಭಯ ಹುಟ್ಟಿಸುವುದನ್ನು ದ್ವೇಷಿಸಿ ಮುಗಿಸದೆ, ಅದಕ್ಕೆ ಸ್ಥಾನವನ್ನೂ ಮರ್ಯಾದೆಯನ್ನೂ ಕೊಡುವುದು. ಗುಹಾಸುರನ ಕೊನೆಯ ಬೇಡಿಕೆಯನ್ನು ದೇವರು ನಡೆಸಿಕೊಟ್ಟುದೂ, ಮಹಿಷನ ಹೆಸರು ಮೈಸೂರಿಗೆ ಉಳಿದುದೂ ಇದೇ ಮನಸ್ಸಿನ ಕೆಲಸಗಳು. ‘ಗೊಜಿರಾ’ದಲ್ಲಿ ತಕಾಶಿ ಶಿಮುರಾ ಅಭಿನಯಿಸಿದ ಪ್ರಾಗ್ಜೀವಶಾಸ್ತ್ರಜ್ಞ ಯಮಾನೆಯು, ಎಲ್ಲರೂ ಕೊಲ್ಲಲು ಹೊರಟ ಮೃಗಕ್ಕಾಗಿ ಕತ್ತಲೆ ಕೋಣೆಯಲ್ಲಿ ಕುಳಿತು ಮರುಗುವ ದೃಶ್ಯವೂ ಆ ಸಾಲಿಗೆ ಸೇರುತ್ತದೆ.

ಈ ಎರಡು ಕಥೆಗಳ ನಿಜವಾದ ಸಂಬಂಧವಿರುವುದು ವರದ ವಿಚಾರದಲ್ಲಿ. ನಮ್ಮ ಪುರಾಣಗಳ ಅಸುರನು ಹುಟ್ಟಿನಿಂದ ಅಜೇಯನಲ್ಲ. ತಪಸ್ಸಿನಿಂದ, ಅಂದರೆ ದೀರ್ಘವಾದ ಶಿಸ್ತು, ಏಕಾಗ್ರತೆ, ಶ್ರಮಗಳಿಂದ ಅವನು ಬಲವನ್ನು ಗಳಿಸುತ್ತಾನೆ, ಕೊಡುವವನೂ ನ್ಯಾಯವಾಗಿಯೇ ಕೊಡುತ್ತಾನೆ. ಕೇಡು ಬರುವುದು ಗಳಿಸಿದ ಬಲಕ್ಕೆ ಮಿತಿಯಿಲ್ಲದಾಗ. ಇಪ್ಪತ್ತನೆಯ ಶತಮಾನದ ಭೌತವಿಜ್ಞಾನವೂ ಹಾಗೆ ತಪಸ್ಸಿನಿಂದ ಪಡೆದ ವರವೇ. ಗೊಡ್ಜಿಲ್ಲಾ ಆ ವರದ ಅಸುರ. ವರ ಪಡೆದವನನ್ನು ಕೊಲ್ಲುವ ಬಗೆಯಲ್ಲಿ ಮಾತ್ರ ಎರಡು ಕಥೆಗಳು ಬೇರೆಯಾಗುತ್ತವೆ. ಗುಹಾಸುರನ ಸಂದರ್ಭದಲ್ಲಿ ಬೇರೆ ಬೇರೆಯಾಗಿದ್ದ ಎರಡು ಶಕ್ತಿಗಳು ಕೂಡಿದುದರಿಂದ ಹೊಸ ದೇವರೊಬ್ಬನು ಹುಟ್ಟಿ, ಕೆಲಸ ಮುಗಿದ ಮೇಲೂ ಅಲ್ಲಿಯೇ ನಿಂತು ಪೂಜೆಗೊಳ್ಳುತ್ತಾನೆ. ಟೋಕಿಯೊದ ಕಥೆಯಲ್ಲಿ ಸೆರಿಜಾವಾ ಎಂಬ ವಿಜ್ಞಾನಿಯು ನೀರಿನಲ್ಲಿರುವ ಆಮ್ಲಜನಕವನ್ನು ನಾಶಮಾಡಿ ಸಕಲ ಜೀವಿಗಳನ್ನೂ ಕರಗಿಸಬಲ್ಲ ಸಾಧನವೊಂದನ್ನು ಕಂಡುಹಿಡಿದಿರುತ್ತಾನೆ. ಗೊಡ್ಜಿಲ್ಲಾನನ್ನು ಕೊಲ್ಲಲು ಅದೊಂದೇ ದಾರಿಯಾದರೂ, ಅದು ರಾಜಕಾರಣಿಗಳ ಕೈ ಸೇರಿದರೆ ಇನ್ನೊಂದು ಬಾಂಬಾಗುತ್ತದೆಂದು ಹೆದರಿ, ಬರಹಗಳನ್ನೆಲ್ಲ ಸುಟ್ಟು, ಸಮುದ್ರದ ತಳದಲ್ಲಿ ಸಾಧನವನ್ನು ಪ್ರಯೋಗಿಸಿ, ತನ್ನ ಉಸಿರಿನ ಕೊಳವೆಯನ್ನು ತಾನೇ ಕತ್ತರಿಸಿಕೊಂಡು ಮೃಗದೊಡನೆ ಸಾಯುತ್ತಾನೆ. ದೈತ್ಯನನ್ನು ಕೊಂದ ಬಲವೂ ದೈತ್ಯಬಲವೇ, ಅದೂ ಉಳಿಯಬಾರದು ಎಂಬ ಈ ನಿಲುವು ಹರಿಹರದ ಪುರಾಣದಲ್ಲಿಲ್ಲ. ಕೊಟ್ಟ ವರವನ್ನೇ ಪಡೆದವನ ತಲೆಯ ಮೇಲೆ ಇರಿಸುವ ಭಸ್ಮಾಸುರನ ಕಥೆ ಅದರ ಹತ್ತಿರಕ್ಕೆ ಬರುತ್ತದಾದರೂ, ಅಲ್ಲಿ ಕೊಂದವನು ತೆರಬೇಕಾದ ಬೆಲೆಯ ಪ್ರಶ್ನೆ ಬರುವುದಿಲ್ಲ. ನಾಗಾಸಾಕಿಯ ಅನಂತರ ಬರೆದ ಪುರಾಣಕ್ಕೆ ಮಾತ್ರ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಸಾಧ್ಯವಿರಲಿಲ್ಲ.

ದೈತ್ಯನನ್ನು ಕಣ್ಣಿಗೆ ಕಾಣುವಂತೆ ಮಾಡುವ ಕಸುಬಿನ ಇತಿಹಾಸವೂ ಇಲ್ಲಿ ಗಮನಾರ್ಹ. ‘ಕಿಂಗ್ ಕಾಂಗ್’ನಲ್ಲಿದ್ದಂತೆ ಚಿಕ್ಕ ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸುತ್ತ ಒಂದೊಂದೇ ಚಿತ್ರ ತೆಗೆಯುವ ವಿಧಾನಕ್ಕೆ ಬೇಕಾದ ಕಾಲವೂ ಹಣವೂ ಇಲ್ಲದ ಕಾರಣ, ತ್ಸುಬುರಾಯಾ ಮೃಗದ ವೇಷದೊಳಗೆ ಮನುಷ್ಯನನ್ನೇ ನಿಲ್ಲಿಸಿದರು. ಬಿದಿರಿನ ಸೀಳು ಮತ್ತು ತಂತಿಯ ಹಂದರದ ಮೇಲೆ ರಬ್ಬರ್ ಹೊದಿಸಿದ ಆ ವೇಷ ಸುಮಾರು 100 ಕಿಲೊ ತೂಗುತ್ತಿತ್ತು. ಅದನ್ನು ಹೊತ್ತು ನಡೆದ ಹರುವೊ ನಕಾಜಿಮಾ ಪ್ರಾಣಿಸಂಗ್ರಹಾಲಯಕ್ಕೆ ಹೋಗಿ ದೊಡ್ಡ ಪ್ರಾಣಿಗಳ ನಡಿಗೆಯನ್ನು ಅಭ್ಯಾಸ ಮಾಡಿ, 1972ರವರೆಗೆ ಅದೇ ಪಾತ್ರದಲ್ಲಿ ಬೆವರು ಸುರಿಸಿದರು. 25ನೆಯ ಒಂದು ಪಾಲಿನ ಅಳತೆಯಲ್ಲಿ ನಗರವನ್ನು ಕಟ್ಟಿ, ಹೆಚ್ಚಿನ ವೇಗದಲ್ಲಿ ಚಿತ್ರೀಕರಿಸಿ ನಿಧಾನವಾಗಿ ತೋರಿಸಿದಾಗ ಹೆಜ್ಜೆಗೆ ಭಾರ ಬಂದಿತು. ಇಫುಕುಬೆಯವರ ತಂಡ ದೊಡ್ಡ ಪಿಟೀಲಿನ ತಂತಿಯನ್ನು ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿ ಮೃಗದ ಕೂಗನ್ನು ಪಡೆಯಿತು. ತೊಕುಸತ್ಸು ಎಂದು ಕರೆಯುವ ಈ ವಿಶೇಷ ದೃಶ್ಯಕಲೆಯನ್ನು ತ್ಸುಬುರಾಯಾ ಪಳಗಿಸಿಕೊಂಡದ್ದು ಯುದ್ಧಕಾಲದ ಪ್ರಚಾರ ಚಿತ್ರಗಳಲ್ಲಿ ಎಂಬುದನ್ನೂ ಮರೆಯುವಂತಿಲ್ಲ. 1942ರಲ್ಲಿ ಪರ್ಲ್ ಹಾರ್ಬರ್ ದಾಳಿಯನ್ನು ಪುಟ್ಟ ಮಾದರಿಗಳಿಂದ ವೈಭವವಾಗಿ ತೋರಿಸಿದ ಕೈಗಳೇ ಹನ್ನೆರಡು ವರ್ಷಗಳ ಅನಂತರ ಯುದ್ಧದ ಶಾಪವನ್ನು ತೋರಿಸಿದವು.

ಬಿದಿರಿನ ಹಂದರದೊಳಗೆ ಮನುಷ್ಯ ನಿಂತು ದೈತ್ಯನಾಗುವ ಕಲೆ ಕರ್ನಾಟಕದಲ್ಲಿ ತಟ್ಟಿರಾಯ ಅಥವಾ ಗಾರುಡಿ ಗೊಂಬೆಯ ರೂಪದಲ್ಲಿ ಸಿನಿಮಾಕ್ಕೆ ಬಹು ಹಿಂದಿನಿಂದ ಇದೆ. ಆಳಿಗಿಂತ ಎರಡು ಪಟ್ಟು ಎತ್ತರದ ಆ ಗೊಂಬೆಗಳು ಮೆರವಣಿಗೆಯ ಮುಂದೆ ಓಲಾಡುತ್ತ ಬರುವಾಗ ಮಕ್ಕಳು ಬೆಚ್ಚಿ ಹಿಂದೆ ಸರಿಯುವುದನ್ನು ಯಾವ ಜಾತ್ರೆಯಲ್ಲೂ ಕಾಣಬಹುದು. ಕರಾವಳಿಯ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಕ್ಕೆ ಬಣ್ಣದ ವೇಷವೆಂದು ಹೆಸರು. ಅಕ್ಕಿಹಿಟ್ಟಿನ ಚುಟ್ಟಿಗಳನ್ನು ಮುಖಕ್ಕಿಟ್ಟು, ಪಂಜಿನ ಬೆಂಕಿಗೆ ರಾಳದ ಪುಡಿ ಎರಚಿ, ಮಹಿಷಾಸುರನು ಪ್ರೇಕ್ಷಕರ ನಡುವಿನಿಂದಲೇ ರಂಗಕ್ಕೆ ನುಗ್ಗುವ ಪ್ರವೇಶವು ದೈತ್ಯನನ್ನು ನೋಡುವ ದೂರವನ್ನೇ ಅಳಿಸಿಹಾಕುತ್ತದೆ. ದಾವಣಗೆರೆ, ಚಿತ್ರದುರ್ಗ ಸೀಮೆಯ ಬಯಲಾಟವಾದ ಮೂಡಲಪಾಯದಲ್ಲಿಯೂ ಎದೆಹಲಗೆ, ಭುಜಕೀರ್ತಿ, ದೊಡ್ಡ ಕಿರೀಟಗಳು ಮೈಯನ್ನು ಹಿಗ್ಗಿಸುತ್ತವೆ. ಆದರೆ ಅಲ್ಲಿ ರಾಕ್ಷಸನನ್ನು ನಿಜವಾಗಿ ದೊಡ್ಡವನನ್ನಾಗಿ ಮಾಡುವುದು ಮಾತು: ಸಾರಥಿಯು ಹೆಸರು ವಿಚಾರಿಸುತ್ತಲೇ ಅವನು ತನ್ನ ಕುಲ, ತಪಸ್ಸು, ವರ, ಪರಾಕ್ರಮಗಳನ್ನು ಉದ್ದಕ್ಕೂ ಸಾರಿಕೊಳ್ಳುತ್ತಾನೆ. ಬಿ.ಎಸ್. ರಂಗಾ ಅವರ 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ರಾಜ್‌ಕುಮಾರ್ ಮಹಿಷನಾಗಿ ಅಭಿನಯಿಸಿದಾಗಲೂ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದಾಗಲೂ ಅವರ ದೇಹದ ಅಳತೆ ಮನುಷ್ಯನದೇ ಆಗಿತ್ತು, ಕಂಠ ಮಾತ್ರ ಅಸುರನದಾಗಿತ್ತು. ಗೊಡ್ಜಿಲ್ಲಾನಾದರೋ ಒಂದು ಮಾತನ್ನೂ ಆಡುವುದಿಲ್ಲ. ಮಾತನಾಡುವ ಅಸುರನೊಡನೆ ವಾದಿಸಬಹುದು, ಅವನಿಂದ ಶಾಪವನ್ನೋ ಪಶ್ಚಾತ್ತಾಪವನ್ನೋ ಕೇಳಬಹುದು. ಮೂಕನಾದ ದೈತ್ಯನೊಡನೆ ಅಂಥ ಯಾವ ವ್ಯವಹಾರವೂ ಸಾಧ್ಯವಿಲ್ಲ. ಕನ್ನಡದ ರಾಕ್ಷಸನಿಗೆ ಜನ ಸಿಳ್ಳೆ ಹೊಡೆದು ಮೆಚ್ಚುವುದಕ್ಕೂ, 1954ರ ಜಪಾನೀ ಪ್ರೇಕ್ಷಕರು ಮೌನವಾಗಿ ಅತ್ತರೆಂದು ಹೇಳುವುದಕ್ಕೂ ಇದೇ ಕಾರಣವಿರಬೇಕು.

ಮುಂದಿನ ದಶಕಗಳಲ್ಲಿ ಆ ಮೃಗಗಳು ಹೆಚ್ಚಿದವು. 1956ರಲ್ಲಿ ರೊಡಾನ್, 1961ರಲ್ಲಿ ಮೊತ್ರಾ ಎಂಬ ಪತಂಗ, 1965ರಲ್ಲಿ ದಾಯೆ ಕಂಪನಿಯ ಗಮೆರಾ ಎಂಬ ಆಮೆ ಬಂದವು. ಮಕ್ಕಳ ಮೆಚ್ಚುಗೆಗಾಗಿ ಗೊಡ್ಜಿಲ್ಲಾನೇ ಲೋಕರಕ್ಷಕನಾದನು. ಈ ಭಾಗದಲ್ಲಿ ಹಗುರವಾದುದು ಬಹಳ. ಆದರೆ ಯೊಶಿಮಿತ್ಸು ಬನ್ನೊ ನಿರ್ದೇಶಿಸಿದ 1971ರ ಚಿತ್ರವೊಂದು ತುಂಗಭದ್ರೆಯ ದಡದವರಿಗೆ ವಿಶೇಷವಾಗಿ ತಾಗುವಂಥದು. ಅದರಲ್ಲಿ ಬರುವ ಹೆದೊರಾ ಎಂಬ ದೈತ್ಯನು ಕಾರ್ಖಾನೆಗಳ ಕೊಳೆಯಿಂದ ಹುಟ್ಟಿ, ಹೊಗೆಕೊಳವೆಗಳಿಗೆ ಬಾಯಿಟ್ಟು ಬೆಳೆಯುತ್ತಾನೆ. ಮಿನಮಾತಾದ ಪಾದರಸದ ವಿಷ, ಯೊಕ್ಕಾಯಿಚಿಯ ಉಬ್ಬಸ, ಫೂಜಿ ನಗರದ ಕಾಗದದ ಗಿರಣಿಗಳ ಕೆಸರಿನಿಂದ ತುಂಬಿಹೋದ ತಗೊನೊಉರಾ ಬಂದರು ಇವೆಲ್ಲವೂ ಆ ಚಿತ್ರದ ಹಿಂದಿದ್ದವು. ಅದೇ 1970ರ ದಶಕದಲ್ಲಿ ಹರಿಹರಕ್ಕೆ ಎದುರಾಗಿ ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ಸಾಮಗ್ರಿ ತಯಾರಿಸುವ ಉದ್ಯಮ ಬೆಳೆಯಿತು. ಹೊಳೆಯ ನೀರು ಕೆಟ್ಟು ಮೀನು ಸತ್ತು ತೇಲಿದ ದೂರುಗಳ ಮೇಲೆ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳೂ ದಡದ ಹಳ್ಳಿಗಳ ಜನರೂ ಹೋರಾಟ ನಡೆಸಿದರು, ಪ್ರಕರಣ ನ್ಯಾಯಾಲಯಗಳ ತನಕ ಹೋಯಿತು. ಉದ್ಯೋಗವೆಂಬ ವರವೂ ನೀರಿನ ಕೇಡೂ ಒಂದೇ ಕೊಳವೆಯಿಂದ ಬಂದಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಸಂಕಟವು ಗುಹಾಸುರನ ಕಥೆ ಕಟ್ಟಿದವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

2011ರ ಫುಕುಶಿಮಾ ಅಣುಸ್ಥಾವರದ ದುರಂತದ ಬಳಿಕ 2016ರಲ್ಲಿ ‘ಶಿನ್ ಗೊಜಿರಾ’ ಬಂದಿತು. 2023ರ ‘ಗೊಡ್ಜಿಲ್ಲಾ ಮೈನಸ್ ಒನ್’ ದೃಶ್ಯಪರಿಣಾಮಕ್ಕಾಗಿ ಮರುವರ್ಷ ಆಸ್ಕರ್ ಪಡೆಯಿತು. ಹೊಸ ವಿಪತ್ತು ಬಂದಾಗಲೆಲ್ಲ ಹಳೆಯ ದೈತ್ಯನನ್ನು ಕರೆದು ಅವನ ಮೂಲಕ ಮಾತನಾಡುವ ಶಕ್ತಿಯನ್ನು ಆ ದೇಶದ ಕಥೆಗಾರರು ಉಳಿಸಿಕೊಂಡಿದ್ದಾರೆ. ಹರಿಹರ ಸೀಮೆಯಲ್ಲಿ ಅಂಥ ದೈತ್ಯನಿಗೆ ಎಂಟುನೂರು ವರ್ಷ ಹಳೆಯ ಗುಡಿಯ ಸಾಕ್ಷಿಯಿದ್ದರೂ ಅವನ ಕಥೆ ಕ್ಷೇತ್ರಮಹಿಮೆಯ ಕೈಪಿಡಿಗಳ ನಾಲ್ಕು ಸಾಲಿಗೆ ಕುಗ್ಗಿರುವುದು ದೊಡ್ಡ ನಷ್ಟ. ಉಚ್ಚಂಗಿಯಿಂದ ಐರಣಿಯವರೆಗೆ, ಗೋವಿನಕೋವಿಯಿಂದ ಭಾನುವಳ್ಳಿಯವರೆಗೆ ಹಿರಿಯರ ಬಾಯಲ್ಲಿರುವ ಗುಹಾಸುರನ ಪಾಠಭೇದಗಳನ್ನೂ, ಬಯಲಾಟದ ಭಾಗವತರ ಬಳಿಯಿರುವ ಕೈಬರಹದ ಪ್ರಸಂಗಗಳನ್ನೂ, ರಾಕ್ಷಸ ವೇಷ ಕಟ್ಟುವವರ ಕೈಚಳಕವನ್ನೂ ಅವರು ಇರುವಾಗಲೇ ಧ್ವನಿಯಲ್ಲಿ, ಚಿತ್ರದಲ್ಲಿ, ಬರಹದಲ್ಲಿ ಹಿಡಿದಿಡುವ ಕೆಲಸವನ್ನು ದಾವಣಗೆರೆ ವಿಶ್ವವಿದ್ಯಾನಿಲಯವೂ ಆಯಾ ಊರಿನ ಶಾಲೆಗಳೂ ತಡಮಾಡದೆ ಕೈಗೆತ್ತಿಕೊಳ್ಳಬೇಕು.